ಮರಳು ನುಂಗಿದ ಉಂಗುರ



ಕಡಲ ದಂಡೆಯಲ್ಲಿ ಉಂಗುರ ಕಳೆದರೆ ಮತ್ತೆ ಸಿಗದು ಎಂದೇ ನಾನೂ ನಂಬಿದ್ದೆ. ಕಳೆದ ಬೇಸಿಗೆಯಲ್ಲಿ ವ್ಯಾಂಕೂವರಿನ ಮಗಳ ಮನೆಗೆ ಹೋಗಿದ್ದಾಗ, ಇಂಗ್ಲಿಷ್ ಬೇ ದಂಡೆಯಲ್ಲಿ ಅಳಿಯನ ಮದುವೆಯ ಉಂಗುರ ಕಳೆಯಿತು. ತಣ್ಣೀರಿನಲ್ಲಿ ಬೆರಳು ಸಣ್ಣಗಾಗುವುದರಿಂದ ಜಾರಿದ್ದು ತಿಳಿಯಲೇ ಇಲ್ಲ. ನಾವೆಲ್ಲ ಕೈಯಿಂದ ಮರಳು ತೋಡಿದೆವು. ಅದೇ ದೊಡ್ಡ ತಪ್ಪು. ಕೆದಕಿದಷ್ಟೂ ಉಂಗುರ ಆಳಕ್ಕಿಳಿಯುತ್ತದೆ.

ಮರುದಿನ ಇಳಿತದ ಹೊತ್ತಿಗೆ ಮೆಟಲ್ ಡಿಟೆಕ್ಟರ್ ಹಿಡಿದು ಹಿರಿಯರೊಬ್ಬರು ಬಂದರು. ಇಂಥ ಹುಡುಕುವವರನ್ನು ಉಂಗುರ ಕಳೆದವರೊಂದಿಗೆ ಜೋಡಿಸುವ ‘ದಿ ರಿಂಗ್ ಫೈಂಡರ್ಸ್’ ಬಳಗ ಕಟ್ಟಿದ ಕ್ರಿಸ್ ಟರ್ನರ್ ಕೂಡ ವ್ಯಾಂಕೂವರಿನವರೇ. ಉಪಕರಣದ ಸುರುಳಿಯ ಕಾಂತಕ್ಷೇತ್ರ ಲೋಹದಲ್ಲಿ ಪುಟ್ಟ ವಿದ್ಯುತ್ ಸುಳಿ ಎಬ್ಬಿಸುತ್ತದೆ. ಆ ಸುಳಿಯ ಮಾರುತ್ತರವೇ ಕಿವಿಗೆ ದನಿಯಾಗಿ ಕೇಳುವುದು. ಕಷ್ಟವೆಂದರೆ, ಚಿನ್ನದ ಉಂಗುರವೂ ತಂಪು ಪಾನೀಯದ ಡಬ್ಬಿಯ ಅಲ್ಯೂಮಿನಿಯಂ ಕೊಂಡಿಯೂ ಹೆಚ್ಚುಕಡಿಮೆ ಒಂದೇ ದನಿ ಕೊಡುತ್ತವೆ. ಉಪ್ಪುನೀರಿನ ಒದ್ದೆ ಮರಳೂ ದಾರಿ ತಪ್ಪಿಸುತ್ತದೆ. ಆದ್ದರಿಂದ ಪ್ರತಿ ದನಿಗೂ ಅಗೆಯಬೇಕು. ಆ ಹಿರಿಯರು ಎರಡು ಗಂಟೆ ಬೇಸರಿಸದೆ ಅಗೆದರು. ಜರಡಿಯಲ್ಲಿ ಉಂಗುರ ಹೊಳೆದಾಗ ಮಗಳು ಅತ್ತೇಬಿಟ್ಟಳು. ಕೂಲಿ ಕೇಳಲಿಲ್ಲ, ಮನಸ್ಸಿಗೆ ಬಂದಷ್ಟು ಕೊಡಿ ಎಂದರು.

ಮಲ್ಪೆ, ಗೋಕರ್ಣದ ಜೀವರಕ್ಷಕರ ಬಳಿಯೂ ಇಂಥದೊಂದು ಉಪಕರಣ ಇರಲಿ ಎಂದು ಸಂಬಂಧಪಟ್ಟವರನ್ನು ಕೋರುತ್ತೇನೆ. ಅಷ್ಟರವರೆಗೆ ದಂಡೆಯಲ್ಲೊಂದು ಫಲಕವಾದರೂ ಬೇಕು: ತೋಡಬೇಡಿ, ತುಳಿಯಬೇಡಿ, ನಿಂತ ಜಾಗಕ್ಕೆ ಗುರುತಿಟ್ಟು ಫೋಟೊ ತೆಗೆಯಿರಿ, ಹೊತ್ತು ಬರೆದುಕೊಳ್ಳಿ.

— ಓದುಗರೊಬ್ಬರು, ಮೈಸೂರು