‘ಡೂ ದ ನೀಡ್‌ಫುಲ್’ ಎಂದು ಬರೆಯುವುದು ತಪ್ಪೇ?

ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಗೆ ಕೊಡುವ ಅರ್ಜಿಯಿರಲಿ, ದೇವನಹಳ್ಳಿಯ ವಿಮಾನ ನಿಲ್ದಾಣದ ಸುತ್ತಲಿನ ಕಂಪನಿಗೆ ಕಳಿಸುವ ಇ-ಮೇಲ್ ಇರಲಿ, ಇಂಗ್ಲಿಷ್‌ನಲ್ಲಿ ಬರೆದರೆ ಕೊನೆಯ ಸಾಲು ಹೆಚ್ಚಾಗಿ ಒಂದೇ: ‘ಕೈಂಡ್ಲಿ ಡೂ ದ ನೀಡ್‌ಫುಲ್’. ಆದರೆ ಇದು ಭಾರತೀಯರ ತಪ್ಪು ಇಂಗ್ಲಿಷ್ ಎಂದು ಹೇಳುವವರೂ ಬಹಳ ಜನ. ಹಾಗಾದರೆ ನಿಜ ಏನು?

ವ್ಯಾಕರಣದಲ್ಲಿ ತಪ್ಪಿಲ್ಲ. ‘ನೀಡ್‌ಫುಲ್’ ಎಂದರೆ ಅಗತ್ಯವಾದ. ಅದರ ಹಿಂದೆ ‘ದ’ ಸೇರಿದಾಗ ಅಗತ್ಯವಾದದ್ದು ಎಂಬ ಅರ್ಥ ಬರುತ್ತದೆ. ‘ದ ಪೂರ್’ ಎಂದರೆ ಬಡವರು ಎಂದಾಗುವುದೂ ಹೀಗೆಯೇ. ಈ ಮಾತು ಹುಟ್ಟಿದ್ದೂ ಇಲ್ಲಲ್ಲ, ಬ್ರಿಟನ್‌ನಲ್ಲಿ. ಅಲ್ಲಿ ಆಡುಮಾತಿನಲ್ಲಿ ‘ದ ನೀಡ್‌ಫುಲ್’ ಎಂದರೆ ದುಡ್ಡು ಎಂಬ ಅರ್ಥವೂ ಇತ್ತು. ಕಾಲಕ್ರಮೇಣ ಅಲ್ಲಿ ಬಳಕೆ ತಗ್ಗಿತು, ನಮ್ಮ ಕಚೇರಿಗಳಲ್ಲಿ ಉಳಿದುಕೊಂಡಿತು. ಹಾಗಾಗಿ ಹೊರದೇಶದವರ ಕಿವಿಗೆ ಇದು ಹಳೆಯ ಮಾತು, ತಪ್ಪು ಮಾತಲ್ಲ. ‘ದ’ ಬಿಟ್ಟು ‘ಡೂ ನೀಡ್‌ಫುಲ್’ ಎಂದು ಬರೆಯುವುದು ಮಾತ್ರ ತಪ್ಪು.

ನಿಜವಾದ ತೊಂದರೆ ಬೇರೆ. ಏನು ಮಾಡಬೇಕು ಎಂಬುದನ್ನೇ ಈ ಸಾಲು ಹೇಳುವುದಿಲ್ಲ. ಪಹಣಿಯಲ್ಲಿ ತಂದೆಯ ಹೆಸರು ತಪ್ಪಾಗಿದೆ ಎಂದುಕೊಳ್ಳಿ. ‘ಪಹಣಿಯಲ್ಲಿ ತಪ್ಪಿದೆ, ಡೂ ದ ನೀಡ್‌ಫುಲ್’ ಎಂದರೆ ಯಾವ ತಪ್ಪು, ಯಾವ ಸರ್ವೆ ನಂಬರ್ ಎಂದು ಗುಮಾಸ್ತರು ಮತ್ತೆ ಕೇಳಬೇಕು. ನೀವು ಹೊಲದ ಕೆಲಸ ಬಿಟ್ಟು ಮತ್ತೆ ಬಸ್ಸು ಹತ್ತಬೇಕು. ಅದರ ಬದಲು ಸರ್ವೆ ನಂಬರ್, ಈಗಿರುವ ಹೆಸರು, ಇರಬೇಕಾದ ಹೆಸರು, ಲಗತ್ತಿಸಿದ ದಾಖಲೆ ಇಷ್ಟನ್ನೂ ಬರೆದು, ‘ಹೆಸರು ತಿದ್ದಿಕೊಡಿ’ ಎಂದು ನೇರವಾಗಿ ಕೇಳಿ.

ಅಂದಹಾಗೆ, ಸರ್ಕಾರಿ ಕಚೇರಿಗೆ ಇಂಗ್ಲಿಷ್‌ನಲ್ಲೇ ಬರೆಯಬೇಕೆಂದಿಲ್ಲ. 1963ರ ಕಾಯ್ದೆಯಂತೆ ಕನ್ನಡವೇ ರಾಜ್ಯದ ಆಡಳಿತ ಭಾಷೆ. ಆದರೆ ಕನ್ನಡದ ‘ಸೂಕ್ತ ಕ್ರಮ ಕೈಗೊಳ್ಳಬೇಕಾಗಿ ವಿನಂತಿ’ಗೂ ಇದೇ ರೋಗವಿದೆ. ಯಾವ ಕ್ರಮ ಎಂದು ಬರೆಯದಿದ್ದರೆ ಭಾಷೆ ಬದಲಾದರೂ ಅಲೆದಾಟ ತಪ್ಪುವುದಿಲ್ಲ.

ಇ-ಮೇಲ್‌ಗೂ ಇದೇ ಮಾತು. ‘ತಿದ್ದಿದ ಆಫರ್ ಲೆಟರ್ ಶುಕ್ರವಾರದೊಳಗೆ ಕಳಿಸಿ’ ಎಂಬರ್ಥದ ಒಂದು ಸರಳ ಇಂಗ್ಲಿಷ್ ವಾಕ್ಯ ಸಾಕು. ಏನು ಮಾಡಬೇಕೆಂದು ಇಬ್ಬರಿಗೂ ಮೊದಲೇ ಗೊತ್ತಿದ್ದರೆ ಮಾತ್ರ ‘ಡೂ ದ ನೀಡ್‌ಫುಲ್’ ನಡೆಯುತ್ತದೆ.

ಒಟ್ಟಿನಲ್ಲಿ, ಈ ಸಾಲು ಬರೆದದ್ದಕ್ಕೆ ನಾಚಿಕೊಳ್ಳಬೇಕಿಲ್ಲ. ಆದರೆ ಅರ್ಜಿ ಕೊಡುವ ಮುನ್ನ ಒಮ್ಮೆ ಓದಿನೋಡೋಣ: ನಮಗೆ ಬೇಕಾದದ್ದು ಏನೆಂದು ಅದರಲ್ಲಿ ಬರೆದಿದ್ದೇವೆಯೇ?