ಗೋಡೆ ಏಳುವಾಗಲೇ ಜಾಲಕ್ಕೂ ದಾರಿ ಬಿಡಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಏಳುತ್ತಿರುವ ಹೊಸ ಮನೆಗಳಲ್ಲಿ ದೀಪ, ಫ್ಯಾನು, ಟೀವಿ, ನೀರಿನ ಮೋಟಾರು ಎಲ್ಲಕ್ಕೂ ಗೋಡೆಯೊಳಗೆ ಪೈಪು ಇಳಿಸುತ್ತಾರೆ. ಅಂತರ್ಜಾಲಕ್ಕೆ ಮಾತ್ರ ಆ ಭಾಗ್ಯವಿಲ್ಲ. ಗೃಹಪ್ರವೇಶ ಮುಗಿದ ಮೇಲೆ ಫೈಬರ್ ತಂತಿಯೊಂದು ಕಿಟಕಿಯ ಸಂದಿಯಿಂದ ನುಸುಳಿ, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ ರೂಟರ್‌ನಲ್ಲಿ ಕೊನೆಗೊಳ್ಳುತ್ತದೆ. ತುರುವೇಕೆರೆ ಸಮೀಪದ ನಮ್ಮ ಬಂಧುಗಳ ಮನೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿ ರಾತ್ರಿ ಜಗಲಿಯ ಮೇಲೆ ಕುಳಿತು ಪಾಠ ಕೇಳುತ್ತಾಳೆ. ಒಳಗಿನ ಕೋಣೆಗೆ ಸಿಗ್ನಲ್ ತಲುಪುವುದಿಲ್ಲ.

ಇದಕ್ಕೆ ಕಾರಣ ಸರಳ. ವೈ-ಫೈ ಎಂಬುದು ರೇಡಿಯೊ ತರಂಗ. ಪ್ರತಿ ಗೋಡೆಯಲ್ಲೂ ಅದರ ಶಕ್ತಿ ಕುಂದುತ್ತದೆ. ನಮ್ಮ ಹಳೆಯ ಮನೆಗಳದು ದಪ್ಪ ಮಣ್ಣಿನ ಗೋಡೆ, ಹೊಸ ಮನೆಗಳದು ಕಬ್ಬಿಣ ತುಂಬಿದ ಕಾಂಕ್ರೀಟು. ಇವೆರಡರ ಜೊತೆಗೆ ಈ ಸೀಮೆಗೇ ವಿಶಿಷ್ಟವಾದ ಅಟ್ಟವೂ ಇದೆ. ಉಂಡೆ ಕೊಬ್ಬರಿಯಾಗಲೆಂದು ಅಲ್ಲಿ ತಿಂಗಳುಗಟ್ಟಲೆ ಇಡುವ ಸಾವಿರಾರು ಕಾಯಿಗಳೊಳಗೆ ಆರುವವರೆಗೂ ನೀರಿರುತ್ತದೆ. ನೀರು ಈ ತರಂಗಗಳನ್ನು ಹೀರಿಕೊಳ್ಳುತ್ತದೆ. ಅಟ್ಟದ ಆಚೆಗಿನ ಕೋಣೆ ಕತ್ತಲಲ್ಲಿ ಉಳಿಯುವುದರಲ್ಲಿ ಆಶ್ಚರ್ಯವೇನಿಲ್ಲ.

ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸರ್ಕಾರ 2011ರಲ್ಲಿ ಒಪ್ಪಿಗೆ ನೀಡಿತು. 2015ರಲ್ಲಿ ಅದು ಭಾರತ್‌ನೆಟ್ ಎಂದಾಯಿತು. ಸಾವಿರಾರು ಕೋಟಿ ರೂಪಾಯಿಗಳ ಈ ಸಾರ್ವಜನಿಕ ಹೂಡಿಕೆಯ ಫಲ ಕೊನೆಯ ಹತ್ತು ಮಾರಿನಲ್ಲಿ ಸೋರಿಹೋಗುತ್ತಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಲ್ಲಿ ಪೂಜಾರಿಯ ಪಾತ್ರ ಇಲ್ಲಿ ನಮ್ಮ ಮನೆಯ ಗೋಡೆಯದೇ. ಭಾಗ್ಯಜ್ಯೋತಿ ಕಾಲದಲ್ಲಿ ಬಡವರ ಮನೆಗೆ ವಿದ್ಯುತ್ ಬಂದಾಗ ಒಂದೇ ದೀಪ ಉರಿಯಿತು. ಮಿಕ್ಕ ಕೋಣೆಗಳು ಕಾದವು. ಅಂದು ಬಡತನ ಕಾರಣವಾಗಿತ್ತು. ಇಂದಿನ ಕಾರಣ ಬಹುಮಟ್ಟಿಗೆ ಅಲಕ್ಷ್ಯ.

ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಇಲ್ಲಿನ ಸೀಮಾಂತ ವೆಚ್ಚ ಅತ್ಯಲ್ಪ. ಗಾರೆ ಹಚ್ಚುವ ಮುನ್ನ ಒಂದು ಪಿವಿಸಿ ಪೈಪು ಹೆಚ್ಚಿಗೆ ಇಳಿಸಿದರೆ ಸಾಕು. ಗಾರೆಯಾದ ಮೇಲೆ ಅದೇ ಕೆಲಸಕ್ಕೆ ಗೋಡೆ ಕೊರೆಯಬೇಕು, ಮತ್ತೆ ಗಾರೆ, ಮತ್ತೆ ಬಣ್ಣ. ಈ ಪೈಪು ವಿದ್ಯುತ್ ಪೈಪಿನಿಂದ ಪ್ರತ್ಯೇಕವಾಗಿರಬೇಕು. ಒಳಗೆ ಎಳೆಯುವ ಕ್ಯಾಟ್-6 ಕೇಬಲ್ ಶುದ್ಧ ತಾಮ್ರದ್ದಾಗಿರಬೇಕೇ ಹೊರತು ತಾಮ್ರದ ಲೇಪವಿರುವ ಅಲ್ಯೂಮಿನಿಯಮ್ಮಿನದಲ್ಲ. ಎರಡೂ ತುದಿಗಳ ಸಾಕೆಟ್‌ಗಳಲ್ಲಿ ಎಂಟು ತಂತಿಗಳ ಬಣ್ಣದ ಕ್ರಮ ಒಂದೇ ಇರಬೇಕು. 100 ಮೀಟರ್‌ವರೆಗೆ ಇದು ಗಿಗಾಬಿಟ್ ವೇಗವನ್ನು ಒಯ್ಯಬಲ್ಲದು. ಆದರೆ ಕೊಟ್ಟಿಗೆಗೋ ತೋಟದ ಮನೆಗೋ ಬಯಲಲ್ಲಿ ತಾಮ್ರದ ತಂತಿ ಎಳೆಯುವುದು ಸಿಡಿಲನ್ನು ಮನೆಯೊಳಗೆ ಕರೆದಂತೆ. ಅಲ್ಲಿಗೆ ಲೋಹದ ತಂತಿಯಿಲ್ಲದ ಫೈಬರ್ ಸೂಕ್ತ. ಕೇಬಲ್‌ಗೆ ಈಗ ಹಣವಿಲ್ಲದಿದ್ದರೆ ಪೈಪಿನೊಳಗೆ ಒಂದು ದಾರ ಬಿಟ್ಟು ಬಾಯಿ ಮುಚ್ಚಿಡಬಹುದು.

2022ರಲ್ಲಿ 5ಜಿ ಬಂದ ಮೇಲೆ ಗೋಡೆಯ ತಂತಿಯ ಅಗತ್ಯವೇನು ಎಂದು ಕೇಳುವವರಿದ್ದಾರೆ. ಕೈಯಲ್ಲಿ ಹಿಡಿದು ತಿರುಗುವ ಮೊಬೈಲಿಗೆ ನಿಸ್ತಂತುವೇ ಸರಿ. ಆದರೆ 5ಜಿಯೂ ರೇಡಿಯೊ ತರಂಗವೇ. ದಪ್ಪ ಗೋಡೆ ಅದಕ್ಕೂ ಅಡ್ಡಿಯೇ. ಮೇಜಿನ ಮೇಲಿನ ಕಂಪ್ಯೂಟರ್, ಟೀವಿ, ಕ್ಯಾಮೆರಾ ಸ್ಥಳ ಬಿಟ್ಟು ಕದಲುವುದಿಲ್ಲ. ಅವನ್ನು ತಂತಿಗೆ ಜೋಡಿಸಿದಷ್ಟೂ ಮೊಬೈಲಿಗೆ ದಾರಿ ಸುಗಮ. ವೈ-ಫೈ ಪೆಟ್ಟಿಗೆಯನ್ನು ನಡುಮನೆಗೆ ತರುವುದಕ್ಕೂ ತಂತಿಯೇ ಬೇಕು.

ಇದನ್ನು ಸಿರಿವಂತರ ಶೋಕಿ ಎಂದು ತಳ್ಳಿಹಾಕುವಂತಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಧಾರಣೆ ಕ್ವಿಂಟಲಿಗೆ 11,750 ರೂಪಾಯಿಯ ಬೆಂಬಲ ಬೆಲೆಗಿಂತಲೂ ಕೆಳಗಿಳಿದಾಗ ತೆಂಗೊಂದನ್ನೇ ನಂಬಿದ ಕುಟುಂಬಗಳು ತತ್ತರಿಸಿದವು. ಮನೆಯಿಂದಲೇ ದುಡಿಯುವ ಮಗನೋ ಮಗಳೋ ಇದ್ದಿದ್ದರೆ ಆ ಪೆಟ್ಟು ತಡೆದುಕೊಳ್ಳಬಹುದಾಗಿತ್ತು. 2020ರ ಲಾಕ್‌ಡೌನ್ ವೇಳೆ ಬೆಂಗಳೂರಿನಿಂದ ಊರಿಗೆ ಮರಳಿದ ಎಷ್ಟೋ ಯುವಕರು ಮತ್ತೆ ಬಸ್ಸು ಹತ್ತಿದ್ದಾರೆ. ಸಭೆಯ ನಡುವೆ ಕಡಿದುಹೋಗುವ ಸಂಪರ್ಕವನ್ನು ನಂಬಿ ಯಾವ ಸಂಸ್ಥೆಯೂ ಸಂಬಳ ಕೊಡುವುದಿಲ್ಲ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಡಿಜಿಟಲ್ ಸಂಪರ್ಕದ ಆಧಾರದ ಮೇಲೆ ಕಟ್ಟಡಗಳಿಗೆ ಶ್ರೇಯಾಂಕ ನೀಡುವ ನಿಯಮಾವಳಿ ಹೊರಡಿಸಿದ್ದು ಸ್ವಾಗತಾರ್ಹ. ಆದರೆ ತೆಂಗು ಬೆಳೆಗಾರನ ಒಂಟಿ ಮನೆಗೆ ಶ್ರೇಯಾಂಕದಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೆ. ಅವನಿಗೆ ಬೇಕಾದದ್ದು ಮಾದರಿ ನಕ್ಷೆ ಮತ್ತು ಕೆಲಸ ಬಲ್ಲ ಕೈ. ರಾಜೀವ್ ಗಾಂಧಿ ವಸತಿ ನಿಗಮದ ಮಾದರಿ ಮನೆಗಳ ಅಂದಾಜುಪಟ್ಟಿಯಲ್ಲಿ ಈ ಖಾಲಿ ಪೈಪು ಸೇರಲಿ. ಹೊಸ ಶಾಲೆ, ಗ್ರಂಥಾಲಯ, ಆರೋಗ್ಯ ಕೇಂದ್ರಗಳ ಪ್ರತಿ ಕೊಠಡಿಗೂ ಸಾಕೆಟ್ ಕಡ್ಡಾಯವಾಗಲಿ. ಐಟಿಐಗಳಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಪಡೆಯುವವರಿಗೆ ಎಂಟು ತಂತಿಗಳ ಜೋಡಣೆಯನ್ನು ಕೈಯಾರೆ ಮಾಡಿಸಿ ಕಲಿಸಲಿ. ಆ ಕೌಶಲ ಅವರಿಗೂ ಊರಲ್ಲೇ ಅನ್ನ ಕೊಡುತ್ತದೆ.

ಸರ್ಕಾರದ ಆದೇಶ ಬರುವವರೆಗೆ ಕಾಯಬೇಕಾಗಿಲ್ಲ. ಈ ಬೇಸಿಗೆಯಲ್ಲಿ ಮನೆ ಕಟ್ಟಿಸುವವರು ಗಾರೆ ಕೆಲಸಕ್ಕೆ ಮೊದಲು ತಮ್ಮ ಮೇಸ್ತ್ರಿಗೆ ಒಂದು ಮಾತು ಹೇಳಿದರೆ ಸಾಕು.