ಲಿನಕ್ಸ್‌ನಲ್ಲಿ ಬಂದೂಕಿನ ಆಟ: ಸಾಮರ್ಥ್ಯವಿದೆ, ಪ್ರವೇಶವಿಲ್ಲ

2024ರ ಅಕ್ಟೋಬರ್ 31ರಂದು ಎಲೆಕ್ಟ್ರಾನಿಕ್ ಆರ್ಟ್ಸ್ ಸಂಸ್ಥೆಯ ‘ಏಪೆಕ್ಸ್ ಲೆಜೆಂಡ್ಸ್’ ಆಟದ ಬಾಗಿಲು ಲಿನಕ್ಸ್ ಬಳಕೆದಾರರಿಗೆ ಮುಚ್ಚಿತು. ಅದಕ್ಕೂ ಮುನ್ನ ಎರಡು ವರ್ಷಕ್ಕೂ ಹೆಚ್ಚು ಕಾಲ ಅವೇ ಯಂತ್ರಗಳಲ್ಲಿ ಆಟ ನಡೆದಿತ್ತು. ಯಂತ್ರ ಕೆಟ್ಟಿರಲಿಲ್ಲ, ತಂತ್ರಾಂಶ ಸೋತಿರಲಿಲ್ಲ. ಲಿನಕ್ಸ್‌ನ ಮುಕ್ತತೆಯೇ ಮೋಸದ ಆಟಗಾರರಿಗೆ ಮರೆಯಾಗಿದೆ ಎಂಬುದು ಸಂಸ್ಥೆ ಮುಂದಿಟ್ಟ ಕಾರಣ.

ಲಿನಕ್ಸ್‌ನಲ್ಲಿ ಆಟಗಳು ನಡೆಯುವುದಿಲ್ಲ ಎಂಬ ಮಾತು ಹಳೆಯದು, ತಪ್ಪೂ ಹೌದು. 1999ರಲ್ಲಿ ಹೊರಬಂದ ‘ಕ್ವೇಕ್ 3 ಅರೀನಾ’ ಲಿನಕ್ಸ್‌ಗೂ ಲಭ್ಯವಿತ್ತು. ಐಡಿ ಸಾಫ್ಟ್‌ವೇರ್ ಸಂಸ್ಥೆ 2005ರಲ್ಲಿ ಅದರ ಮೂಲ ಸಂಕೇತವನ್ನು ಜಿಪಿಎಲ್ ಪರವಾನಗಿಯಡಿ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿತು. ಅದರ ಮೇಲೆಯೇ ಉತ್ಸಾಹಿಗಳು ‘ಓಪನ್ ಅರೀನಾ’ ಕಟ್ಟಿದರು. ಕ್ವೇಕ್ ವಂಶಕ್ಕೇ ಸೇರಿದ ‘ಕ್ಸೊನಾಟಿಕ್’ ಕೂಡ ಮುಕ್ತ ತಂತ್ರಾಂಶ. ಹಲವರು ಕೂಡಿ ಆಡುವ ಈ ಆಟಗಳು ಇಂದಿಗೂ ಉಚಿತ. ಓಪನ್ ಅರೀನಾಕ್ಕಂತೂ ಹಳೆಯ ಕಂಪ್ಯೂಟರ್ ಸಾಕು.

ದೊಡ್ಡ ಬದಲಾವಣೆ ತಂದದ್ದು ವಾಲ್ವ್ ಸಂಸ್ಥೆ. ವಿಂಡೋಸ್‌ಗೆಂದು ಬರೆದ ಆಟಗಳನ್ನು ಲಿನಕ್ಸ್‌ನಲ್ಲಿ ನಡೆಸುವ ‘ಪ್ರೋಟಾನ್’ 2018ರಲ್ಲಿ ಬಂದಿತು. 2022ರಲ್ಲಿ ಮಾರುಕಟ್ಟೆಗಿಳಿದ ‘ಸ್ಟೀಮ್ ಡೆಕ್’ ಎಂಬ ಕೈ ಯಂತ್ರದೊಳಗಿರುವುದೂ ಲಿನಕ್ಸೇ. 2023ರ ‘ಕೌಂಟರ್ ಸ್ಟ್ರೈಕ್ 2’ ನೇರವಾಗಿ ಲಿನಕ್ಸ್‌ನಲ್ಲೇ ನಡೆಯುತ್ತದೆ.

ಹಾಗಾದರೆ ತೊಡಕೆಲ್ಲಿ? ಮೋಸ ತಡೆಯುವ ಕಾವಲು ತಂತ್ರಾಂಶದಲ್ಲಿ. ಗೋಡೆಯಾಚೆಯ ಎದುರಾಳಿಯನ್ನು ತೋರಿಸುವ, ಗುರಿಯನ್ನು ತಾನೇ ಹಿಡಿಯುವ ಕಳ್ಳ ತಂತ್ರಾಂಶಗಳು ಆಟವನ್ನೇ ಹಾಳುಗೆಡವುತ್ತವೆ. ಅವನ್ನು ಹಿಡಿಯಲೆಂದು ‘ವ್ಯಾಲೊರಂಟ್’ನಂಥ ಆಟಗಳು ಕಂಪ್ಯೂಟರಿನ ಗರ್ಭಗುಡಿಯಾದ ಕರ್ನೆಲ್‌ಗೇ ಕಾವಲುಗಾರನನ್ನು ಕಳುಹಿಸುತ್ತವೆ. 2025ರ ‘ಬ್ಯಾಟಲ್‌ಫೀಲ್ಡ್ 6’ ಕೂಡ ಇದೇ ಹಾದಿ ಹಿಡಿಯಿತು. ಈ ಎರಡೂ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ.

ಸಂಸ್ಥೆಗಳ ವಾದದಲ್ಲಿ ಹುರುಳಿಲ್ಲದಿಲ್ಲ. ಲಿನಕ್ಸ್‌ನ ಕರ್ನೆಲನ್ನು ಬಳಕೆದಾರನೇ ತಿದ್ದಿ ಕಟ್ಟಿಕೊಳ್ಳಬಹುದು. ಅಂಥ ಯಂತ್ರ ಹೇಳುವುದನ್ನು ಹೊರಗಿನವರು ನಂಬುವುದು ಕಷ್ಟ. ಆದರೆ ಕರ್ನೆಲ್‌ನ ಬೀಗದ ಕೈಯನ್ನು ಪರರಿಗೆ ಒಪ್ಪಿಸುವುದಕ್ಕೂ ಬೆಲೆಯಿದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆಯ ದೋಷಪೂರಿತ ನವೀಕರಣದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಅಂದು ಬೆಂಗಳೂರು ವಿಮಾನ ನಿಲ್ದಾಣದಲ್ಲೂ ಪ್ರಯಾಣಿಕರು ಪರದಾಡಿದರು. ಅದು ಆಟದ ತಂತ್ರಾಂಶವಾಗಿರಲಿಲ್ಲ ನಿಜ. ಆದರೆ ಅದು ಕೆಲಸ ಮಾಡುತ್ತಿದ್ದುದೂ ಕರ್ನೆಲ್ ಮಟ್ಟದಲ್ಲಿಯೇ.

ಬೇರೆ ದಾರಿಗಳಿಲ್ಲವೆಂದಲ್ಲ. ಮರೆಯಲ್ಲಿರುವ ಎದುರಾಳಿಯ ಸ್ಥಾನವನ್ನು ಸರ್ವರ್ ಕಳುಹಿಸದಿದ್ದರೆ ಕದ್ದು ನೋಡಲು ಏನೂ ಉಳಿಯದು. ‘ಈಸಿ ಆ್ಯಂಟಿ ಚೀಟ್’ ಮತ್ತು ‘ಬ್ಯಾಟಲ್‌ಐ’ ಎಂಬ ಪ್ರಮುಖ ಕಾವಲು ತಂತ್ರಾಂಶಗಳು 2021ರಲ್ಲೇ ಪ್ರೋಟಾನ್‌ಗೆ ಸಮ್ಮತಿಸಿವೆ. ಅವನ್ನು ಬಳಸುವ ಆಟಗಳಿಗೆ ಲಿನಕ್ಸ್ ಬಾಗಿಲು ತೆರೆಯುವುದು, ಬಿಡುವುದು ಆಟ ತಯಾರಕರ ಇಚ್ಛೆ. ಆ ಇಚ್ಛೆಯ ಹಿಂದೆ ಲೆಕ್ಕಾಚಾರವಿದೆ. ಸ್ಟೀಮ್ ಸಮೀಕ್ಷೆಯಲ್ಲಿ ಲಿನಕ್ಸ್ ಪಾಲು ಶೇ.3ನ್ನು ದಾಟಿದ್ದೇ 2025ರ ಅಕ್ಟೋಬರ್‌ನಲ್ಲಿ. ನೂರರಲ್ಲಿ ಮೂವರಿಗಾಗಿ ಪ್ರತ್ಯೇಕ ಕಾವಲು ಕಟ್ಟಲು ದೊಡ್ಡ ಸಂಸ್ಥೆಗಳಿಗೆ ಮನಸ್ಸಿಲ್ಲ.

ಅದೇ ತಿಂಗಳ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಒಗ್ಗದ ಹಳೆಯ ಕಂಪ್ಯೂಟರ್ ಇರುವ ಮನೆಗಳಿಗೆ ಲಿನಕ್ಸ್ ಸಹಜ ಆಯ್ಕೆಯಾಗಬಲ್ಲದು. ಆದರೆ ಮನೆಯ ಹುಡುಗ ಆಡುವುದು ವ್ಯಾಲೊರಂಟ್ ಆಗಿದ್ದರೆ ಆ ಆಯ್ಕೆ ಅಲ್ಲಿಗೇ ನಿಲ್ಲುತ್ತದೆ. ಹಣ ಕೊಟ್ಟು ಕೊಂಡ ಕಂಪ್ಯೂಟರಿನಲ್ಲಿ ಯಾವ ವ್ಯವಸ್ಥೆ ಇರಬೇಕೆಂಬುದನ್ನು ಆಟದ ಸಂಸ್ಥೆ ನಿರ್ಧರಿಸುವಂತಾದರೆ, ಆ ಯಂತ್ರದ ಒಡೆಯ ಯಾರು ಎಂಬ ಪ್ರಶ್ನೆ ಆಟದ ಅಂಗಳಕ್ಕಷ್ಟೇ ಸೀಮಿತವಾಗದು.